ಹೀಟ್ ಆಗೋ ಹಳೇ ಗಾಡಿಯಲ್ಲಿ ನೀರು ಎಲ್ಲಿ ಸಿಕ್ಕಾಕೊಂಡಿದೆ?

(ಚಿಕ್ಕಮಗಳೂರಲ್ಲಿ ಹಳೇ ಕಾರು, ಜೀಪು ಇಟ್ಕೊಂಡಿರೋರು ಸೇರಿದ್ದಾಗ ಮಾತಾಡಿದ್ದು. ಬರೆದು ಕೊಡಿ ಅಂತ ಕೆಲವ್ರು ಕೇಳಿದ್ರು, ಆಡಿದ ಮಾತಿನ ಧಾಟೀಲೇ ಬರ್ದಿದೀನಿ, ಆವತ್ತು ಬಿಟ್ಟು ಹೋಗಿದ್ದನ್ನ ಅಲ್ಲಲ್ಲಿ ಸೇರ್ಸಿದೀನಿ.)

ನಮಸ್ಕಾರ ಎಲ್ರಿಗೂ. ಇಲ್ಲಿ ಕೂತಿರೋರಲ್ಲಿ ಹೆಚ್ಚಿನವ್ರ ಮನೇಲಿ ಒಂದು ಅಂಬಾಸಡರ್ರೋ ಪದ್ಮಿನಿಯೋ ಇಲ್ಲ ಅಜ್ಜನ ಕಾಲದಲ್ಲಿ ತೋಟಕ್ಕೆ ಅಂತ ತಂದ ಪೆಟ್ರೋಲ್ ಜೀಪೋ ಇದ್ದೇ ಇದೆ, ಹಾಗಾಗಿ ಗಾಡಿ ಹೀಟ್ ಆಗೋದು ಅಂದ್ರೇನು ಅಂತ ಬಿಡಿಸಿ ಹೇಳೋ ಅಗತ್ಯ ಇಲ್ಲ. ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿ ಕಡೆ ಏರೋಕೆ ಶುರು ಮಾಡಿದ್ರೆ ಟೆಂಪರೇಚರ್ ಗೇಜಿನ ಸೂಜಿ ಮೇಲೆ ಹೋಗೋದು, ಎರಡನೇ ಗೇರಲ್ಲಿ ನಾಲ್ಕು ತಿರುವು ಹತ್ತೋಷ್ಟ್ರಲ್ಲಿ ಬಾನೆಟ್ ಸಂದೀಲಿ ಹಬೆ, ಆಮೇಲೆ ರೋಡ್ ಪಕ್ಕ ನಿಲ್ಸಿ ಬಾಟ್ಲಿ ಹಿಡ್ಕೊಂಡು ಕಾಯೋದು. ಮನೆಗೆ ಬಂದ್ಮೇಲೆ ನಾವೇನ್ ಮಾಡ್ತೀವಿ? ಥರ್ಮೋಸ್ಟಾಟ್, ಅಂದ್ರೆ ನೀರು ಬಿಸಿ ಆಗೋ ತನಕ ರೇಡಿಯೇಟರ್ ದಾರಿ ಮುಚ್ಚಿಡೋ ವಾಲನ್ನ, ಕಿತ್ತು ಬಿಸಾಕ್ತೀವಿ, ಅದೂ ಆಗ್ಲಿಲ್ವ, ರೇಡಿಯೇಟರ್‌ಗೆ ಟ್ಯೂಬುಗಳ ಸಾಲು ಒಂದು ಜಾಸ್ತಿ ಇರೋ ಕೋರ್ ಹಾಕ್ಸ್ತೀವಿ, ಅದೂ ಆಗ್ಲಿಲ್ವ, ಗಾಡಿ ಮಾರೋ ಮಾತಾಡ್ತೀವಿ. ನಾನು ಇವತ್ತು ಹೇಳೋದು ಇಷ್ಟೇ, ನೀರು ಯಾವ ದಾರೀಲಿ ಹೋಗಿ ಯಾವ ದಾರೀಲಿ ವಾಪಸ್ ಬರುತ್ತೆ ಅಂತ ಬೆರಳಿಟ್ಟು ತೋರ್ಸೋಕೆ ಬರೋ ತನಕ ಒಂದು ಪಾರ್ಟನ್ನೂ ಬದಲಾಯಿಸ್ಬೇಡಿ.

ಪೆಟ್ರೋಲ್ ಉರಿದು ಬರೋ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗವನ್ನ ಈ ನೀರೇ ಹೊತ್ಕೊಂಡು ಹೋಗ್ಬೇಕು. ದಾರಿ ಹೇಳ್ತೀನಿ ಕೇಳಿ. ರೇಡಿಯೇಟರ್ ಕೆಳಗಿನ ಟ್ಯಾಂಕಲ್ಲಿ ಆರಿದ ನೀರು ಇರುತ್ತೆ, ಅದು ಕೆಳಗಿನ ಹೋಸಲ್ಲಿ ವಾಟರ್ ಪಂಪಿಗೆ ಬರುತ್ತೆ, ಪಂಪು ಅದನ್ನ ಬ್ಲಾಕ್ ಒಳಗೆ ತಳ್ಳುತ್ತೆ, ಅಲ್ಲಿ ಸಿಲಿಂಡರ್ ಸುತ್ತ ಸುತ್ತಿ, ಬ್ಲಾಕಿಗೂ ಅದ್ರ ಮೇಲೆ ಕೂರೋ ಹೆಡ್ಡಿಗೂ ಮಧ್ಯೆ ಇರೋ ಹೆಡ್ ಗ್ಯಾಸ್ಕೆಟ್‌ನಲ್ಲಿರೋ ತೂತುಗಳಲ್ಲಿ ಮೇಲೆ ಹತ್ತಿ, ಹೆಡ್ ಒಳಗೆ ಸುಟ್ಟ ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ ಕೂರೋ ಸೀಟುಗಳ ಪಕ್ಕ ಹಾದು, ಮುಂದುಗಡೆ ಥರ್ಮೋಸ್ಟಾಟ್ ಹತ್ರ ಬರುತ್ತೆ, ಅದು ಬಾಗಿಲು ತೆಗೆದಿದ್ರೆ ಮೇಲಿನ ಹೋಸಲ್ಲಿ ರೇಡಿಯೇಟರ್ ತಲೆಗೆ ಹೋಗಿ ಸಣ್ಣ ಸಣ್ಣ ಟ್ಯೂಬಲ್ಲಿ ಕೆಳಗಿಳಿಯುತ್ತೆ. ಅಂಬಾಸಡರ್‌ನ ಹಳೇ 1489 ಸಿಸಿ ಇಂಜಿನ್ ಆಗ್ಲಿ ವಿಲ್ಲೀಸ್ ಜೀಪಿನ ಇಂಜಿನ್ ಆಗ್ಲಿ ಮೂಲ ದಾರಿ ಇದೇ, ಜೀಪಲ್ಲಿ ಎಕ್ಸಾಸ್ಟ್ ವಾಲ್ ಸೀಟು ಹೆಡ್ಡಲ್ಲಲ್ಲ ಬ್ಲಾಕಲ್ಲಿರುತ್ತೆ ಅಷ್ಟೇ. ಇದಕ್ಕೂ ಹಿಂದಿನ ಕೆಲವು ಗಾಡಿಗಳಲ್ಲಿ, ಫೋರ್ಡ್ ಮಾಡೆಲ್ ಟಿ ತಗೊಳ್ಳಿ, ಪಂಪೇ ಇರ್ಲಿಲ್ಲ, ಬಿಸಿ ನೀರು ಹಗುರ ಆಗಿ ಮೇಲೆ ಹೋಗುತ್ತೆ ತಣ್ಣೀರು ಭಾರಕ್ಕೆ ಕೆಳಗೆ ಬರುತ್ತೆ ಅನ್ನೋ ಒಂದೇ ನಂಬಿಕೆ ಮೇಲೆ ಓಡೋದು, ಮೇಲಿನ ಹೋಸ್ ಬಾಯಿಗಿಂತ ನೀರು ಕೆಳಗಿಳಿದ್ರೆ ಸುತ್ತಾಟ ಅಲ್ಲಿಗೇ ನಿಂತು ಹೋಗ್ತಿತ್ತು.

ದಾರಿ ಗೊತ್ತಾಯ್ತು ಅಂತ ಮುಂದಕ್ಕೆ ಹೋಗೋದು ಬೇಡ, ಎಲ್ಲಾ ಕಿತಾಪತಿ ಇರೋದು ಬ್ಲಾಕ್ ಒಳಗೆ, ಕಣ್ಣಿಗೆ ಕಾಣದ ಜಾಗದಲ್ಲಿ. ಫಾರ್ಗೋ ಲಾರಿ ನೆನಪಿದ್ಯ, ಡಾಡ್ಜ್, ಪ್ಲಿಮತ್, ಡಿಸೋಟೊ? ಎಲ್ಲಾ ಕ್ರೈಸ್ಲರ್ ಮನೆತನ. ಆ ಸೈಡ್ ವಾಲ್, ಅಂದ್ರೆ ವಾಲುಗಳೆಲ್ಲ ಬ್ಲಾಕಲ್ಲೇ ಇರೋ, ಆರು ಸಿಲಿಂಡರ್ ಇಂಜಿನ್ನಲ್ಲಿ ವಾಟರ್ ಪಂಪ್ ಹಿಂದೆ, ಬ್ಲಾಕ್ ಉದ್ದಕ್ಕೂ, ಒಂದು ತಗಡಿನ ಟ್ಯೂಬ್ ಇರುತ್ತೆ, ಅದ್ರಲ್ಲಿ ಅಲ್ಲಲ್ಲಿ ಸೀಳು ಬಿಟ್ಟಿರ್ತಾರೆ, ಪಂಪಿಂದ ಬಂದ ತಣ್ಣೀರು ಆ ಸೀಳುಗಳಿಂದ ನೇರ ಎಕ್ಸಾಸ್ಟ್ ವಾಲ್ ಸೀಟುಗಳ ಮೇಲೆ ಬೀಳ್ಬೇಕು ಅಂತ. ಈ ಟ್ಯೂಬ್ ತುಕ್ಕು ಹಿಡಿದು ಮುಂದುಗಡೆನೇ ಕರಗಿ ಹೋದ್ರೆ ನೀರೆಲ್ಲ ಅಲ್ಲೇ ಬಾಯಿ ಬಿಟ್ಕೊಂಡು ಒಂದು ಎರಡನೇ ಸಿಲಿಂಡರಿಗೇ ಸಿಗುತ್ತೆ, ಐದು ಆರನೇದು ಹಿಂದೆ ಕೂತು ಸುಡ್ತಾ ಇರುತ್ತೆ. ಮಜಾ ಏನಂದ್ರೆ ಅಷ್ಟಾದ್ರೂ ಸೂಜಿ ನಾರ್ಮಲ್ ತೋರ್ಸ್ಬಹುದು, ಅದು ಇಡೀ ಇಂಜಿನ್ನಿನ ಮಿಕ್ಸ್ ಆದ ನೀರಿನ ಲೆಕ್ಕ ತಾನೇ. ಮಲೆನಾಡಿನ ತೋಟದ ಶೆಡ್ಡೊಂದ್ರಲ್ಲಿ ನಿಂತಿದ್ದ ಅಂಥ ಇಂಜಿನ್ನಿಂದ ಟ್ಯೂಬ್ ಎಳೆದಾಗ ಮೊದ್ಲು ಬಂದಿದ್ದು ಬರೀ ಕೆಂಪು ಕೆಸರು, ಆಮೇಲೆ ತಂತಿ ಕೊಕ್ಕೆ ಹಾಕಿ ಜಗ್ಗಿದ್ರೆ ಅಂಗೈಯಷ್ಟು ತುಂಡು, ಬೆರಳಲ್ಲಿ ಒತ್ತಿದ್ರೆ ಪುಡಿ. ಆ ಗಾಡಿಗೆ ಅಷ್ಟು ವರ್ಷ ರೇಡಿಯೇಟರ್ ಮೇಲೆ ರೇಡಿಯೇಟರ್ ಹಾಕಿದ್ರು ಪಾಪ.

ಹೆಡ್ ಗ್ಯಾಸ್ಕೆಟ್ ತೂತುಗಳೂ ಸುಮ್ನೆ ಅಲ್ಲ. ಸುಮಾರು ಇಂಜಿನ್‌ಗಳಲ್ಲಿ ಮುಂದಿನ ತೂತು ಚಿಕ್ಕದು ಹಿಂದಿನದು ದೊಡ್ಡದು ಇರುತ್ತೆ, ನೀರು ಪಂಪ್ ಪಕ್ಕದಲ್ಲೇ ಮೇಲೆ ಹತ್ತಿ ಓಡಿ ಹೋಗದೆ ಹಿಂದಿನ ಸಿಲಿಂಡರ್ ತನಕ ಹೋಗ್ಲಿ ಅಂತ. ಲೋಕಲ್ ಗ್ಯಾಸ್ಕೆಟ್ ತಂದು ಬೋಲ್ಟ್ ತೂತು ಕೂತ್ಕೊಳ್ತು ಅಂತ ಹಾಕಿ ಬಿಗಿದ್ರೆ ನೀರಿನ ತೂತು ಅರ್ಧ ಮುಚ್ಚಿರುತ್ತೆ. ಹಾಕೋಕೆ ಮುಂಚೆ ಹಳೇದರ ಮೇಲಲ್ಲ, ಹೆಡ್ ಮೇಲೆ ಇಟ್ಟು ನೋಡಿ.

ಈಗ ಥರ್ಮೋಸ್ಟಾಟ್ ವಿಷ್ಯಕ್ಕೆ ಬರ್ತೀನಿ, ಜಗಳ ಆಗೋದು ಇಲ್ಲೇ. "ನಮ್ಮ ಇಂಡಿಯಾ ಬಿಸಿಲಿಗೆ ಅದು ಬೇಡ ಸಾರ್" ಅನ್ನೋ ಮೆಕ್ಯಾನಿಕ್ ಇಲ್ಲದ ಊರಿಲ್ಲ. ಡಿಸೆಂಬರ್ ಬೆಳಿಗ್ಗೆ ಇಲ್ಲಿ ಮಂಜು ಕವಿದಾಗ ಶೆಡ್ಡಿಂದ ಜೀಪ್ ತೆಗೀತೀರಲ್ಲ, ಆಗ ಯಾವ ಬಿಸಿಲು? ಇಂಜಿನ್ ಬಿಸಿ ಆಗೋಕೆ ಅರ್ಧ ಗಂಟೆ ತಗೊಂಡ್ರೆ ಅಷ್ಟು ಹೊತ್ತೂ ಚೋಕಲ್ಲಿ, ಅಂದ್ರೆ ಗಾಳಿ ಕಮ್ಮಿ ಪೆಟ್ರೋಲ್ ಜಾಸ್ತಿ ಸೇದ್ಕೊಂಡು, ಓಡುತ್ತೆ, ಪೂರ್ತಿ ಆವಿ ಆಗದ ಪೆಟ್ರೋಲು ಸಿಲಿಂಡರ್ ಗೋಡೆ ಮೇಲಿರೋ ಆಯಿಲ್ ತೊಳೆದು ಇಂಜಿನ್ ತಳದ ಆಯಿಲ್ ತೊಟ್ಟಿಗೆ ಇಳಿಯುತ್ತೆ, ರಿಂಗು ಸವೆಯುತ್ತೆ, ಆಯಿಲ್ ಫಿಲ್ಲರ್ ಕ್ಯಾಪ್ ಒಳಗೆ ಬೆಣ್ಣೆ ಬಣ್ಣದ ಕೆಸರು ಕಟ್ಟುತ್ತೆ. ಇದು ನಿಧಾನದ ನಷ್ಟ, ಅದಕ್ಕೇ ಯಾರೂ ಲೆಕ್ಕಕ್ಕೆ ಇಟ್ಕೊಳ್ಳಲ್ಲ.

ಆದ್ರೆ ಥರ್ಮೋಸ್ಟಾಟ್ ತೆಗೆದ್ರೆ ಗಾಡಿ *ಜಾಸ್ತಿ* ಹೀಟ್ ಆಗೋ ಇಂಜಿನ್ನೂ ಇವೆ, ಇದನ್ನ ಹೇಳಿದ್ರೆ ನಂಬೋರು ಕಮ್ಮಿ. ಕಾರಣ ಬೈಪಾಸ್. ಥರ್ಮೋಸ್ಟಾಟ್ ಮುಚ್ಚಿದ್ದಾಗ ನೀರು ರೇಡಿಯೇಟರಿಗೆ ಹೋಗೋ ಹಾಗಿಲ್ಲ, ಆದ್ರೆ ಇಂಜಿನ್ ಒಳಗಾದ್ರೂ ಸುತ್ತುತ್ತಾ ಇರ್ಬೇಕಲ್ಲ, ಇಲ್ಲಾಂದ್ರೆ ವಾಲ್ ಪಕ್ಕ ಒಂದೇ ಕಡೆ ನಿಂತು ಕುದಿಯುತ್ತೆ. ಅದಕ್ಕೆ ಹೆಡ್ಡಿಂದ ಪಂಪಿಗೆ ವಾಪಸ್ ಬರೋಕೆ ಒಂದು ಸಣ್ಣ ಅಡ್ಡದಾರಿ ಇಟ್ಟಿರ್ತಾರೆ. ಮೋರಿಸ್ ಮೈನರ್ ಇರೋರಿಗೆ ಗೊತ್ತು, ಪಂಪಿಗೂ ಹೆಡ್ಡಿಗೂ ಮಧ್ಯೆ ಹೆಬ್ಬೆರಳಷ್ಟು ಉದ್ದದ ಒಂದು ಮೋಟು ಹೋಸ್, ಒಡೆದ್ರೆ ಬದಲಾಯಿಸೋಕೆ ಪ್ರಾಣ ಹೋಗುತ್ತೆ. ಕೆಲವು ಇಂಜಿನ್‌ಗಳಲ್ಲಿ ಈ ದಾರಿ ಯಾವಾಗ್ಲೂ ತೆರೆದೇ ಇರುತ್ತೆ, ಆದ್ರೆ ತುಂಬ ಚಿಕ್ಕದು. ಇನ್ನು ಕೆಲವಲ್ಲಿ ದಾರಿ ದೊಡ್ಡದೇ ಇರುತ್ತೆ, ಥರ್ಮೋಸ್ಟಾಟ್ ಮೇಲೆ ತೆರೀತಾ ತೆರೀತಾ ಅದೇ ವಾಲಿನ ಇನ್ನೊಂದು ತುದಿ ಬೈಪಾಸ್ ಬಾಯಿ ಮುಚ್ಚುತ್ತೆ. ಈ ಎರಡನೇ ಜಾತಿ ಇಂಜಿನ್ನಲ್ಲಿ ಥರ್ಮೋಸ್ಟಾಟ್ ಕಿತ್ರೆ ಬೈಪಾಸ್ ಮುಚ್ಚೋರು ಯಾರು? ತೋಟದಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಕೈ ಕೊಟ್ಟಾಗ ಸ್ಪ್ರಿಂಕ್ಲರ್ ಇಡ್ತೀವಲ್ಲ, ಮೋಟರ್ ಪಕ್ಕದಲ್ಲೇ ಒಂದು ವಾಲ್ ಪೂರ್ತಿ ತೆರೆದಿಟ್ಟು ಗುಡ್ಡದ ಮೇಲಿನ ಜೆಟ್ ಯಾಕೆ ತಿರುಗ್ತಿಲ್ಲ ಅಂತ ನೋಡಿದ್ರೆ ಹೇಗೆ? ನೀರಿಗೆ ಸಲೀಸು ದಾರಿ ಸಿಕ್ಕಿದೆ, ಅದು ಯಾಕೆ ಹತ್ತುತ್ತೆ. ಇಲ್ಲೂ ಅಷ್ಟೇ, ಕುದಿಯೋ ನೀರಲ್ಲಿ ದೊಡ್ಡ ಪಾಲು ರೇಡಿಯೇಟರ್ ಮುಖಾನೇ ನೋಡದೆ ಪಂಪಿಗೆ ವಾಪಸ್ಸು.

ಇನ್ನೊಂದು ವಾದ ಇದೆ, ಥರ್ಮೋಸ್ಟಾಟ್ ಇಟ್ಕೋಬೇಕು ಯಾಕಂದ್ರೆ ಇಲ್ದಿದ್ರೆ ನೀರು ಸ್ಪೀಡಾಗಿ ಹೋಗಿ ರೇಡಿಯೇಟರಲ್ಲಿ ಆರೋಕೆ ಟೈಮ್ ಸಿಗಲ್ಲ ಅಂತ. ಇದು ನನ್ನ ಪರವಾದ ವಾದವೇ, ಆದ್ರೂ ತಪ್ಪು. ಸ್ಪೀಡಾಗಿ ಹೋದ ನೀರು ಸ್ಪೀಡಾಗೇ ವಾಪಸ್ಸೂ ಬರುತ್ತಲ್ಲ ಸ್ವಾಮಿ, ಒಟ್ಟು ಶಾಖ ಬಿಡೋದು ಕಮ್ಮಿ ಏನಾಗಲ್ಲ. ನಿಜವಾದ ಲಾಭ ಬೇರೆ, ಥರ್ಮೋಸ್ಟಾಟಿನ ಕಿರಿದಾದ ಬಾಯಿ ಅಡ್ಡ ಇದ್ದಾಗ ಪಂಪು ಬ್ಲಾಕ್ ಒಳಗೆ ಸ್ವಲ್ಪ ಒತ್ತಡ ಹುಟ್ಟಿಸುತ್ತೆ, ಆ ಒತ್ತಡಕ್ಕೆ ವಾಲ್ ಸೀಟ್ ಹತ್ರ ಹಬೆ ಗುಳ್ಳೆ ಏಳೋದು ತಡ ಆಗುತ್ತೆ. ಜೊತೆಗೆ ಹಳೇ ರೇಡಿಯೇಟರಲ್ಲಿ ಕ್ಯಾಪ್ ಇರೋದು ಮೇಲಿನ ಟ್ಯಾಂಕಲ್ಲಿ, ನೀರು ರಭಸವಾಗಿ ನುಗ್ಗಿ ಬರೋ ಜಾಗದಲ್ಲೇ, ತಡೆ ಇಲ್ದಿದ್ರೆ ಜೋರು ಓಡ್ಸಿದಾಗ ಓವರ್‌ಫ್ಲೋ ಪೈಪಲ್ಲಿ ಹೊರಗೆ ಚೆಲ್ಲುತ್ತೆ.

ಆವತ್ತು ಟೇಬಲ್ ಮೇಲೆ ಒಂದು ಸ್ಟವ್, ಪಾತ್ರೆ, ಥರ್ಮಾಮೀಟರ್ ಇಟ್ಟಿದ್ದೆ ನೋಡಿ, ಬರದೇ ಇದ್ದವ್ರಿಗೆ ಹೇಳ್ತೀನಿ. 82 ಡಿಗ್ರಿ ಅಂತ ಅಚ್ಚು ಹಾಕಿದ ಥರ್ಮೋಸ್ಟಾಟನ್ನ ದಾರದಲ್ಲಿ ಕಟ್ಟಿ ನೀರಲ್ಲಿ ಇಳಿಬಿಟ್ಟಿದ್ದು, ಪಾತ್ರೆ ತಳ ಮುಟ್ಟಬಾರ್ದು. 80 ದಾಟೋ ತನಕ ಏನೂ ಇಲ್ಲ, ಆಮೇಲೆ ತಟ್ಟೆ ಅಂಚಲ್ಲಿ ಕೂದಲೆಳೆ ಗೆರೆ ಕಾಣ್ತು, 85ಕ್ಕೆ ಬೆರಳುಗುರು ತೂರೋಷ್ಟು, 90 ದಾಟಿದ್ಮೇಲೇ ಅಗಲವಾಗಿ ಬಾಯಿ ಬಿಟ್ಟಿದ್ದು. 82 ಅಂದ್ರೆ ತೆರೆಯೋಕೆ ಶುರು ಅಷ್ಟೇ, ಪೂರ್ತಿ ತೆರೆಯೋಕೆ ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಆಮೇಲೆ ನೀರು ಕೊತ ಕೊತ ಕುದಿಯೋಕೆ ಶುರು ಆದ್ಮೇಲೆ ಮುಂದಿನ ಸಾಲಲ್ಲಿದ್ದ ಹುಡುಗ ಒಬ್ಬ ಥರ್ಮಾಮೀಟರ್ ಓದಿ "ಅಂಕಲ್ ಇದು 97 ದಾಟ್ತಾನೇ ಇಲ್ಲ, ಹಾಳಾಗಿದೆ" ಅಂದ.

ಹಾಳಾಗಿಲ್ಲ. ನಮ್ಮೂರು ಸಮುದ್ರ ಮಟ್ಟಕ್ಕಿಂತ 1,000 ಮೀಟರಿಗೂ ಮೇಲಿದೆ, ಇಲ್ಲಿ ನೀರು ಕುದಿಯೋದೇ 96-97 ಡಿಗ್ರಿಗೆ. ಅಂದಾಜು 300 ಮೀಟರ್ ಏರಿದ್ರೆ ಒಂದು ಡಿಗ್ರಿ ಕಮ್ಮಿ. ಮುಳ್ಳಯ್ಯನಗಿರಿ ತುದಿ ಸುಮಾರು 1,930 ಮೀಟರ್, ಗಾಡಿ ಪೂರ್ತಿ ತುದಿಗೆ ಹೋಗಲ್ಲ ಆದ್ರೂ ಆ ಮಟ್ಟದಲ್ಲಿ ಕುದಿಯೋ ಬಿಂದು 93-94. ಈಗ ಎರಡೂ ಲೆಕ್ಕ ಪಕ್ಕ ಪಕ್ಕ ಇಡಿ, 82ರ ಥರ್ಮೋಸ್ಟಾಟ್ ಪೂರ್ತಿ ತೆರೆಯೋದು 93ರ ಆಸುಪಾಸಲ್ಲಿ, ರೇಡಿಯೇಟರ್ ಕ್ಯಾಪ್ ಸರಿಯಿಲ್ದಿದ್ರೆ ನೀರು ಕುದಿಯೋದೂ ಅಲ್ಲೇ. ಮಂಗಳೂರಲ್ಲಿ ಬೇಸಿಗೆಲೂ ಕುದಿಯದ ಗಾಡಿ ಇಲ್ಲಿ ಚಳಿಗಾಲದಲ್ಲಿ ಯಾಕೆ ಕುದಿಯುತ್ತೆ ಅಂದ್ರೆ ಏರು ಒಂದೇ ಕಾರಣ ಅಲ್ಲ, ಗಾಳಿಯ ಒತ್ತಡವೂ ಕಾರಣ. ಗಿರಿ ಕಡೆ ಹೆಚ್ಚು ಓಡಾಡೋರು 74 ಡಿಗ್ರಿದು ಹಾಕೊಂಡ್ರೆ ನನಗೆ ತಕರಾರಿಲ್ಲ, ಏನೂ ಇಲ್ದೆ ಓಡ್ಸೋದಕ್ಕಿಂತ ಎಷ್ಟೋ ವಾಸಿ.

ಹಾಗಾಗಿ ಕ್ಯಾಪು. ಅದನ್ನ ಬರೀ ಮುಚ್ಚಳ ಅನ್ಕೊಂಡಿರೋದೇ ಅರ್ಧ ತೊಂದ್ರೆ. ಅದ್ರಲ್ಲಿ ಎರಡು ವಾಲ್ ಇವೆ. ದೊಡ್ಡ ಸ್ಪ್ರಿಂಗಿಂದು ಒಳಗಿನ ಒತ್ತಡ ಹಿಡಿದಿಡೋಕೆ, ನಡುವಿನ ಪುಟ್ಟದು ಇಂಜಿನ್ ಆರಿದಾಗ ಹೊರಗಿನ ಗಾಳಿ ಒಳಗೆ ಬಿಡೋಕೆ. ಹಳೇ ಗಾಡಿಗಳಲ್ಲಿ ಸಾಮಾನ್ಯವಾಗಿ 4ರಿಂದ 7 ಪೌಂಡಿನ ಕ್ಯಾಪು, ಅಂದ್ರೆ ಚದರ ಇಂಚಿಗೆ ಅಷ್ಟು ಪೌಂಡ್ ಒತ್ತಡ ಹಿಡಿಯೋದು. 7 ಪೌಂಡ್ ಸರಿಯಾಗಿ ಹಿಡಿದ್ರೆ ನಮ್ಮೂರಲ್ಲಿ ಕುದಿಯೋ ಬಿಂದು 97ರಿಂದ ಸುಮಾರು 109ಕ್ಕೆ ಏರುತ್ತೆ, ಗಿರಿ ಮೇಲೆ 107. ಒಂದು ರಬ್ಬರ್ ವಾಷರ್ ಹಾಳಾಗಿದ್ರೆ ಆ ಹನ್ನೆರಡು ಡಿಗ್ರೀನೂ ಹೋಯ್ತು ಅಂತ. ಹಾಗಂತ ಹೊಸ ಗಾಡಿದು 15 ಪೌಂಡಿನ ಕ್ಯಾಪ್ ಹಾಕ್ಬೇಡಿ, ಹಿತ್ತಾಳೆ ಟ್ಯಾಂಕಿನ ಸೀಸದ ಬೆಸುಗೆ ಬಿಟ್ಕೊಳ್ಳುತ್ತೆ. ಇನ್ನೊಂದು, ಕ್ಯಾಪ್ ಕೂರೋ ರೇಡಿಯೇಟರ್ ಕತ್ತಿನ ಆಳ ಬೇರೆ ಬೇರೆ ಇರುತ್ತೆ, ಗಿಡ್ಡ ಕ್ಯಾಪು ಮೇಲೆ ಟೈಟಾಗಿ ತಿರುಗಿ ಕೂತ್ಕೊಳ್ಳುತ್ತೆ ಆದ್ರೆ ಒಳಗಿನ ರಬ್ಬರು ಕೆಳಗಿನ ಅಂಚನ್ನ ಮುಟ್ಟೇ ಇರಲ್ಲ. ಬಿಳಿ ಪೇಸ್ಟ್ ಸವರಿ ಒಂದ್ಸಲ ಹಾಕಿ ತೆಗೆದು ನೋಡಿ, ಅಂಚಿನ ಗುರುತು ಸುತ್ತಲೂ ಬಿದ್ದಿರ್ಬೇಕು. ನಡುವಿನ ಪುಟ್ಟ ವಾಲ್ ಅಂಟಿಕೊಂಡಿದ್ರೆ ಗುರುತು ಹಿಡಿಯೋದು ಸುಲಭ, ರಾತ್ರಿ ಆರಿದ ಗಾಡಿಯ ಮೇಲಿನ ಹೋಸು ಬೆಳಿಗ್ಗೆ ಚಪ್ಪಟೆ ಆಗಿರುತ್ತೆ.

ಕೆಳಗಿನ ಹೋಸ್ ಚಪ್ಪಟೆ ಆಗೋದು ಬೇರೆ ಕಥೆ, ಅದು ಪಂಪು ಎಳೆಯೋ ಕಡೆ. ಐಡ್ಲಿಂಗಲ್ಲಿ ಎಲ್ಲಾ ಸರಿ, ಎಕ್ಸಿಲರೇಟರ್ ಒತ್ತಿದ ತಕ್ಷಣ ಹೋಸ್ ಒಳಗೆ ಸೇದ್ಕೊಂಡು ದಾರಿ ಮುಚ್ಚುತ್ತೆ, ಹೈವೇಲಿ ಹೀಟು ಪೇಟೇಲಿ ತಣ್ಣಗೆ ಅನ್ನೋ ಗಾಡಿಗೆ ಮೊದ್ಲು ಇದನ್ನೇ ನೋಡಿ. ಅದಕ್ಕೇ ಕೆಲವಕ್ಕೆ ಒಳಗೆ ತಂತಿ ಸ್ಪ್ರಿಂಗ್ ಇರುತ್ತೆ, ಹಳೇ ಹೋಸ್ ಬಿಸಾಕುವಾಗ ಅದನ್ನ ತೆಗೆದಿಟ್ಕೊಳ್ಳಿ, ತುಕ್ಕು ತಿಂದಿದ್ರೆ ಹೊಸದು ಮಾಡ್ಸಿ.

ಪಂಪಿನ ಬಗ್ಗೆ ಒಂದೇ ಮಾತು. ಕೆಳಗಡೆ ಒಂದು ಸಣ್ಣ ತೂತಿರುತ್ತೆ, ಸೀಲ್ ಸೋತಾಗ ನೀರು ಬೇರಿಂಗಿಗೆ ಹೋಗದೆ ಅಲ್ಲಿಂದ ಹೊರಗೆ ಬೀಳ್ಲಿ ಅಂತ. ಅಲ್ಲಿ ಹನಿ ಬಿದ್ರೆ ಅದು ಸೀಲ್ ಕೊಡೋ ನೋಟೀಸು. ಅದನ್ನ ಎಂ-ಸೀಲ್ ಮೆತ್ತಿ ಮುಚ್ಚಿರೋದನ್ನ ನೋಡಿದೀನಿ, ಮುಚ್ಚಿದವ್ರಿಗೆ ಖುಷಿ, ಬೇರಿಂಗ್ ತುಕ್ಕು ಹಿಡಿದು ಫ್ಯಾನ್ ಸಮೇತ ಶಾಫ್ಟ್ ಅಲ್ಲಾಡಿ ರೇಡಿಯೇಟರ್ ಕೋರಿಗೆ ಹೊಡೆಯೋ ತನಕ.

ಇನ್ನು ನೀರು. ಕಡೂರು ತರೀಕೆರೆ ಬಯಲುಸೀಮೆ ಕಡೆ ಬೋರ್ ನೀರಿನ ಗಡಸು ನಿಮಗೆ ಗೊತ್ತಲ್ಲ, ಬಿಸಿ ಆದ್ರೆ ಸುಣ್ಣ ಬಿಡುತ್ತೆ. ಅದು ಕೂರೋದು ಎಲ್ಲಿ ಹೆಚ್ಚು ಬಿಸಿ ಇದೆಯೋ ಅಲ್ಲೇ, ಅಂದ್ರೆ ವಾಲ್ ಸೀಟಿನ ಹಿಂದೆ. ನಮ್ಮ ಕಡೆ ಮಳೆ ನೀರಿಗೆ ಬರ ಇಲ್ಲ, ಮೋಡ ಸುರಿಯೋ ತಿಂಗಳಲ್ಲಿ ಚೊಕ್ಕ ಮಾಡಿನ ನೀರು ಸೋಸಿ ಒಂದೆರಡು ಕ್ಯಾನ್ ಇಟ್ಕೊಳ್ಳಿ, ಇಲ್ಲ ಡಿಸ್ಟಿಲ್ಡ್ ವಾಟರ್ ತಗೊಳ್ಳಿ. ಆದ್ರೆ ಬರೀ ನೀರು ಹಾಕ್ಬೇಡಿ, ಕಬ್ಬಿಣದ ಬ್ಲಾಕು ತಾಮ್ರ ಹಿತ್ತಾಳೆ ರೇಡಿಯೇಟರು ಒಂದೇ ನೀರಲ್ಲಿ ಮುಳುಗಿದ್ರೆ ತುಕ್ಕು ಗ್ಯಾರಂಟಿ, ಕೂಲಂಟ್ ಬೇಕಾಗಿರೋದು ಆ ತುಕ್ಕು ತಡೆಯೋಕೆ, ನಮಗೇನು ಇಲ್ಲಿ ಹಿಮ ಬೀಳಲ್ಲ. ಹಾಗಂತ ನೀರೇ ಬೆರೆಸದೆ ಪೂರ್ತಿ ಕೂಲಂಟೇ ಸುರಿದ್ರೂ ಆಗಲ್ಲ, ಅದ್ರಲ್ಲಿರೋ ಗ್ಲೈಕಾಲ್ ನೀರಿನಷ್ಟು ಶಾಖ ಹೊರಲ್ಲ, ಅರ್ಧಕ್ಕೆ ಅರ್ಧ ಸಾಕು. ಮೇಲಿನ ಟ್ಯಾಂಕಲ್ಲಿ ಒಂದಿಂಚು ಜಾಗ ಬಿಡಿ. ಬಾಯಿ ತನಕ ತುಂಬಿದ್ರೆ ಬಿಸಿ ಆದಾಗ ಹಿಗ್ಗಿ ಚೆಲ್ಲುತ್ತೆ, ಮಾರನೇ ದಿನ "ಕಮ್ಮಿ ಆಗಿದೆ" ಅಂತ ಮತ್ತೆ ತುಂಬ್ತೀರ, ಹೀಗೆ ದಿನಾ ಹೊಸ ಸುಣ್ಣದ ಸೇವೆ.

ಅರಿಶಿನ ಪುಡಿ! ಇದನ್ನ ಹೇಳಿದಾಗ ಅರ್ಧ ಸಭೆ ನಕ್ಕಿತು, ಅಂದ್ರೆ ಅರ್ಧ ಸಭೆ ಹಾಕಿದೆ ಅಂತ ಅರ್ಥ. ಸೋರೋ ರೇಡಿಯೇಟರಿಗೆ ಒಂದು ಹಿಡಿ ಅರಿಶಿನ ಹಾಕಿದ್ರೆ ಸೋರೋದು ನಿಲ್ಲುತ್ತೆ, ಸುಳ್ಳಲ್ಲ, ಶಿರಾಡಿ ಘಾಟಿಲಿ ಸಿಕ್ಕಾಕೊಂಡಾಗ ಸಕಲೇಶಪುರ ಮುಟ್ಟೋಕೆ ನಾನೂ ಬೇಡ ಅನ್ನಲ್ಲ. ಆದ್ರೆ ಸೋರೋ ತೂತು ಯಾವುದು ರೇಡಿಯೇಟರ್ ಟ್ಯೂಬ್ ಯಾವುದು ಅಂತ ಅರಿಶಿನಕ್ಕೇನು ಗೊತ್ತು, ಎರಡನ್ನೂ ಮುಚ್ಚುತ್ತೆ. ಮನೆ ಮುಟ್ಟಿದ್ಮೇಲೆ ತೊಳೆದು ಬೆಸುಗೆ ಹಾಕಿಸ್ಬೇಕು. ತೊಳೆಯುವಾಗ ಬರೀ ರೇಡಿಯೇಟರ್ ತಳದ ನಲ್ಲಿ ತಿರುಗಿಸಿ ಖಾಲಿ ಆಯ್ತು ಅನ್ಕೋಬೇಡಿ, ಬ್ಲಾಕಿನ ಪಕ್ಕದಲ್ಲಿ ಇನ್ನೊಂದು ನಲ್ಲಿ ಇರುತ್ತೆ, ಹಳೇ ನೀರು ಸುಮಾರು ಅಲ್ಲೇ ಉಳಿಯೋದು. ತಿರುಗಿಸಿದ್ರೆ ಏನೂ ಬರಲ್ಲ, ಕೆಸರು ಕಟ್ಟಿರುತ್ತೆ, ನಲ್ಲಿ ಬಿಚ್ಚಿ ತಂತಿ ಹಾಕಿ ಕೆದಕಿ. ಅಷ್ಟಕ್ಕೂ ಬರ್ಲಿಲ್ಲ ಅಂದ್ರೆ ಬ್ಲಾಕಿನ ಸೈಡಲ್ಲಿ ರೂಪಾಯಿಗಿಂತ ದೊಡ್ಡದಾದ ದುಂಡನೆ ತಗಡಿನ ಡಮ್ಮಿಗಳಿವೆ, ಎರಕ ಹೊಯ್ದಾಗ ಒಳಗಿನ ಮರಳು ತೆಗೆಯೋಕೆ ಬಿಟ್ಟ ತೂತು ಅವು, ಅವನ್ನ ಕಿತ್ತು ಒಳಗೆ ಕೈಬೆರಳು ಹಾಕಿ ನೋಡಿ.

ಪತ್ತೆ ಮಾಡೋಕೆ ಒಂದು ಇನ್ಫ್ರಾರೆಡ್ ಗನ್ ತಗೊಳ್ಳಿ. ಕೋವಿಡ್ ಟೈಮಲ್ಲಿ ಹಣೆಗೆ ಹಿಡೀತಿದ್ರಲ್ಲ ಅದಲ್ಲ, ಅದು ಜ್ವರಕ್ಕಿಂತ ಮೇಲೆ ಓದಲ್ಲ, ವರ್ಕ್‌ಶಾಪ್‌ದು ಬೇಕು. ಮೇಲಿನ ಹೋಸ್ ತುಂಬ ಬಿಸಿ, ಕೆಳಗಿನದು ಬಹಳ ತಣ್ಣಗೆ ಇದ್ರೆ ನೀರು ಸಾಕಷ್ಟು ಸುತ್ತುತ್ತಿಲ್ಲ, ಪಂಪು, ಥರ್ಮೋಸ್ಟಾಟು, ಕಟ್ಟಿದ ಟ್ಯೂಬು ನೋಡಿ. ಎರಡೂ ಹತ್ತತ್ರ ಒಂದೇ ಬಿಸಿ ಇದ್ರೆ ನೀರು ಸುತ್ತುತ್ತಿದೆ, ಗಾಳಿ ಸಾಲ್ತಿಲ್ಲ, ಫ್ಯಾನ್ ಬೆಲ್ಟು, ರೇಡಿಯೇಟರಿನ ತೆಳು ತಗಡಿನ ಫಿನ್ ಸಂದೀಲಿ ತುಂಬಿದ ಹುಲ್ಲುಬೀಜ ಹುಳ ಕೆಸರು ನೋಡಿ, ತೋಟದ ಜೀಪಲ್ಲಂತೂ ಇದೇ ಜಾಸ್ತಿ. ರೇಡಿಯೇಟರ್ ಮುಖದ ಮೇಲೆ ಗನ್ ಆಡಿಸ್ತಾ ಹೋದಾಗ ನಡುವೆ ತಣ್ಣಗಿನ ಪಟ್ಟಿ ಸಿಕ್ರೆ ಅಲ್ಲಿ ಟ್ಯೂಬ್ ಕಟ್ಟಿದೆ. ಸೂಜಿ ಒಂದನ್ನೇ ನಂಬ್ಬೇಡಿ, ನೀರು ಪೂರ್ತಿ ಕಮ್ಮಿ ಆಗಿ ಗೇಜಿನ ಬಲ್ಬು ಬರೀ ಹಬೇಲಿ ನಿಂತಾಗ ಸೂಜಿ ಕೆಳಗಿಳಿದು ಬಿಡ್ಬಹುದು, ಡ್ರೈವರ್ ಅಬ್ಬಾ ತಣ್ಣಗಾಯ್ತು ಅನ್ಕೊಂಡು ಇನ್ನೂ ಒತ್ತುತ್ತಾನೆ.

ಕೊನೇಲಿ ಪ್ರಶ್ನೆ ಬಂತು. ಹಿರಿಯರೊಬ್ರು ಕೇಳಿದ್ರು, ಹೊಸ ನೀರು ತುಂಬಿದ ದಿನಾನೇ ಹೀಟ್ ಆಗುತ್ತಲ್ಲ ಯಾಕೆ ಅಂತ. ಗಾಳಿ ಸಿಕ್ಕಾಕೊಂಡಿರುತ್ತೆ ಸಾರ್. ಗಾಡಿಯ ಮೂತಿ ಏರು ಕಡೆ ಬರೋ ಹಾಗೆ ನಿಲ್ಸಿ, ಆಗ ರೇಡಿಯೇಟರ್ ಬಾಯೇ ಎಲ್ಲಕ್ಕಿಂತ ಎತ್ತರ ಆಗುತ್ತೆ, ಕ್ಯಾಪ್ ತೆಗೆದು ನಿಧಾನ ತುಂಬಿ, ಮೇಲಿನ ಹೋಸ್ ಹಿಸುಕಿ ಹಿಸುಕಿ ಬಿಡಿ, ಥರ್ಮೋಸ್ಟಾಟಲ್ಲಿ ಅಲ್ಲಾಡೋ ಸಣ್ಣ ಪಿನ್ ಇದ್ರೆ ಅದು ಮೇಲ್ಗಡೆ ಬರೋ ಹಾಗೆ ಕೂರ್ಸಿ, ಗಾಳಿ ಹೊರಗೆ ಹೋಗೋಕೆ ಇಟ್ಟಿರೋದು ಅದು. ಇಷ್ಟಾದ್ಮೇಲೂ ಗುಳ್ಳೆ ನಿಲ್ಲದೆ ಬರ್ತಿದ್ರೆ ಗಾಡಿ ಆರಿರುವಾಗ ಫ್ಯಾನ್ ಬೆಲ್ಟ್ ತೆಗೆದು ಸ್ಟಾರ್ಟ್ ಮಾಡಿ, ಪಂಪ್ ತಿರುಗದೇನೇ ರೇಡಿಯೇಟರ್ ಬಾಯಲ್ಲಿ ಗುಳ್ಳೆ ಬಂದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ಒಂದು ನಿಮಿಷಕ್ಕಿಂತ ಹೆಚ್ಚು ಹಾಗೆ ಓಡಿಸ್ಬೇಡಿ.

ಇನ್ನೊಬ್ರು ಎಲೆಕ್ಟ್ರಿಕ್ ಫ್ಯಾನ್ ಹಾಕ್ಲಾ ಅಂದ್ರು. ನಿಮ್ಮದು ಕರೆಂಟಿಗೆ ಹಳೇ ಡೈನಮೋ ಇರೋ ಗಾಡಿ ಅಣ್ಣ, ಫುಲ್ ಸ್ಪೀಡಲ್ಲಿ ಓಡಿದ್ರೂ ಕೊಡೋದು ಸುಮಾರು 20 ಆಂಪಿಯರ್, ಐಡ್ಲಿಂಗಲ್ಲಿ ಹತ್ರ ಹತ್ರ ಸೊನ್ನೆ. ಚಾರ್ಮಾಡೀಲಿ ಲಾರಿ ಹಿಂದೆ ನಿಂತು ನಿಂತು ಹತ್ತುವಾಗ, ರಾತ್ರಿ, ಹೆಡ್‌ಲೈಟ್ ಹಾಕೊಂಡು, ಮಳೇಲಿ ವೈಪರ್ ಹಾಕೊಂಡು, ಅದ್ರ ಜೊತೆ ಫ್ಯಾನ್ ಬೇರೆ ತಿರುಗ್ಬೇಕು ಅಂದ್ರೆ ಬ್ಯಾಟ್ರಿ ಎಲ್ಲಿ ತನಕ ಬರುತ್ತೆ? ಮೊದ್ಲು ಆ ಫ್ಯಾನಿಗೂ ರೇಡಿಯೇಟರಿಗೂ ನಡುವೆ ಇರ್ಬೇಕಾದ ತಗಡಿನ ಶ್ರೌಡ್, ಅಂದ್ರೆ ಫ್ಯಾನ್ ಸುತ್ತ ಕೂರೋ ಕವಚ, ನಿಮ್ಮ ಗಾಡೀಲಿ ಇದ್ಯಾ ನೋಡಿ. ಇಲ್ಲ ಅಂದ್ರು. ತಗಡು ಕೆಲಸದವ್ರ ಹತ್ರ ಅಳತೆ ಕೊಟ್ಟು ಮಾಡಿಸಿ, ಫ್ಯಾನ್ ರೆಕ್ಕೆ ತುದಿಗೂ ಅದಕ್ಕೂ ಅರ್ಧದಿಂದ ಒಂದಿಂಚು ಬಿಡಿ ಅಂತ ಹೇಳಿ ಕಳ್ಸಿದೆ.